ಎರಡೂಕಾಲು ಮನೆ

“ಇದಕ್ಕೆಲ್ಲ ಶ್ರುತಿ ಗಿರುತಿ ಅಂತ ಇರಲ್ಲ ಮೇಡಂ. ಇದು ಜಾಝ್.”

ಭಾನುವಾರ ಸಂಜೆ ಬಿದ್ದ ಈ ಮಾತು ಗುರುವಾರವಾದರೂ ಕಿವಿಯಿಂದ ಇಳಿದಿಲ್ಲ. ಹೇಳಿದವರು ನಮ್ಮ ಜಾಝ್ ರೆಕಾರ್ಡು ಕೇಳುವ ಕೂಟ ಸೇರಿದ್ದ ಮನೆಯ ಯಜಮಾನರು, ಒಳ್ಳೆಯ ಮನುಷ್ಯ. ಹೇಳಿಸಿಕೊಂಡವರು ಎದುರು ಮನೆಯ ಪಿಟೀಲು ಟೀಚರು. ಅವರು ಬಂದದ್ದು ಕಾಫಿಗೆ ಕರೆದರು ಅಂತ, ಜಾಝ್ ಕೇಳಲಿಕ್ಕಲ್ಲ. ನಮ್ಮ ಕೂಟದ ನಿಯಮ ಇಷ್ಟೇ: ಆರು ಜನ, ತಲೆಗೆರಡು ಎಲ್‌ಪಿ, ಒಂದೊಂದರಲ್ಲಿ ಒಂದು ಸೈಡು. ಹಾಕುವ ಮುಂಚೆ ಜಾಕೆಟ್ ಎತ್ತಿ ತೋರಿಸಿ ಯಾವ ಲೇಬಲ್ಲು, ಯಾವ ಕಾಲದ ಮುದ್ರಣ ಅಂತ ಹೇಳಬೇಕು.

ಹಾಕಿದ್ದು ಅಮೆರಿಕದ ತುತ್ತೂರಿಗಾರ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’, ಯುರೋಪಿನಲ್ಲಿ ಸಿಬಿಎಸ್ ಲೇಬಲ್ಲಿನಲ್ಲಿ ಬಂದ ಹಳೆಯ ಮರುಮುದ್ರಣ. ಮೊದಲ ಸೈಡು, ಮೊದಲ ಹಾಡು, ‘ಸೋ ವಾಟ್’. ಪಿಯಾನೊ ಮತ್ತು ಬಾಸ್ ತಾಳದ ಹಂಗಿಲ್ಲದೆ ಓಡಾಡುವ ಪೀಠಿಕೆ ಮುಗಿದು ಪಾಲ್ ಚೇಂಬರ್ಸ್‌ನ ಬಾಸ್ ಪ್ರಶ್ನೆ ಕೇಳಲು ಶುರುಮಾಡುತ್ತದೆ. ಬಿಲ್ ಇವಾನ್ಸ್‌ನ ಪಿಯಾನೊ ಎರಡೇ ಸ್ವರಗುಚ್ಛದಲ್ಲಿ ಉತ್ತರ ಕೊಡುತ್ತದೆ. ಟೀಚರು ಆ ಉತ್ತರದ ಜೊತೆ “ಧಾ... ಪ” ಅಂತ ಮೆಲ್ಲಗೆ ಗುನುಗಿದರು. ಇನ್ನೊಮ್ಮೆ ಬಂತು, ಇನ್ನೊಮ್ಮೆ ಗುನುಗಿದರು. ಮೂರನೇ ಸಲಕ್ಕೆ ಲೋಟ ಕೆಳಗಿಟ್ಟು ಹೇಳಿದ್ದು: “ಖರಹರಪ್ರಿಯ ರಾಗದ ಹಾಗಿದೆ. ಆದ್ರೆ ಶ್ರುತಿ ಎರಡು ಮನೆಯೂ ಅಲ್ಲ, ಎರಡೂವರೆಯೂ ಅಲ್ಲ. ನಡುವೆ ಎಲ್ಲೋ ಇದೆಯಲ್ಲ ಸಾರ್?”

ಮನೆ ಅಂದರೆ ಷಡ್ಜ ಎಷ್ಟು ಎತ್ತರದಲ್ಲಿದೆ ಅಂತ ಹೇಳುವ ನಮ್ಮ ಸಂಗೀತದ ಲೆಕ್ಕ. ಅದಕ್ಕೇ ಆ ಉತ್ತರ ಬಂದದ್ದು. ಇರಲ್ಲ ಮೇಡಂ, ಇದು ಜಾಝ್.

ಒಂದೇ ಉಸಿರಿನಲ್ಲಿ ಟೀಚರು ಹೇಳಿದ್ದು ಎರಡು ಸಂಗತಿ, ಎರಡೂ ಸರಿ. ‘ಸೋ ವಾಟ್’ ನಿಂತಿರುವುದು ‘ಡಿ’ಯಿಂದ ಹೊರಡುವ ಡೋರಿಯನ್ ಎಂಬ ಸ್ವರಶ್ರೇಣಿಯ ಮೇಲೆ. ಡಿ ಅಂದರೆ ನಮ್ಮ ಎರಡು ಮನೆ. ಡೋರಿಯನ್‌ನ ಏಳು ಸ್ವರಗಳು 22ನೇ ಮೇಳ ಖರಹರಪ್ರಿಯದವೇ. ಪಿಯಾನೊ ಕೊಡುವ ಉತ್ತರದ ಮೇಲ್ತುದಿಯ ಸ್ವರಗಳು ಬಿ ಮತ್ತು ಎ, ಅಂದರೆ ಎರಡು ಮನೆಯನ್ನು ಷಡ್ಜವೆಂದುಕೊಂಡರೆ ಧೈವತ, ಪಂಚಮ. ಗುನುಗಿದ್ದು ತಪ್ಪಿರಲಿಲ್ಲ. ಶ್ರುತಿಯ ಮಾತೂ ತಪ್ಪಿರಲಿಲ್ಲ. ಆದರೆ ಆ ಹೊತ್ತಿಗೆ ಹಾಡು ನಡುವಿನ ಭಾಗಕ್ಕೆ ಬಂದು ಇಡೀ ತಂಡ ಅರ್ಧ ಸ್ವರ ಮೇಲೆ ಹೋಯಿತು. ಯಜಮಾನರಿಗೆ ಅದೇ ಸಾಕ್ಷಿ: “ನೋಡಿ, ಷಡ್ಜವನ್ನೇ ಎತ್ತಿಬಿಟ್ರು, ನಿಮ್ಮ ತಂಬೂರಿ ಇಲ್ಲಿ ಏನು ಮಾಡುತ್ತೆ?” ಈ ಹಾಡಿನ ಒಂದು ಸುತ್ತು 32 ಬಾರ್ (ಬಾರ್ ಅಂದರೆ ನಾಲ್ಕು ಎಣಿಕೆಯ ಒಂದು ಆವರ್ತ), 16 ಡಿಯಲ್ಲಿ, 8 ಇ-ಫ್ಲ್ಯಾಟ್‌ನಲ್ಲಿ, ಮತ್ತೆ 8 ಡಿಯಲ್ಲಿ. ಆ ಎಂಟು ಬಾರ್ ತಂಬೂರಿಗೆ ಸೇರುವುದಿಲ್ಲ, ಸೇರಬೇಕಾಗಿಯೂ ಇಲ್ಲ. ಶ್ರುತಿ ನೋಡುವವರು ಮೊದಲ 16 ಬಾರ್‌ನಲ್ಲೇ ನೋಡಿ ಮುಗಿಸಬೇಕು. ಷಡ್ಜ ಜಾಗ ಬದಲಿಸುವುದು ಬೇರೆ, ಎರಡು ಜಾಗದ ಮಧ್ಯೆ ಸಿಕ್ಕಿಹಾಕಿಕೊಳ್ಳುವುದು ಬೇರೆ. ಟೀಚರು ಕೇಳಿದ್ದು ಎರಡನೆಯದನ್ನು.

ಆಮೇಲೆ ಅರ್ಧ ಗಂಟೆ ಪ್ಲೇಯರಿನ ತಪಾಸಣೆ. ಇದ್ದದ್ದು ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2. ತಿರುಗುವ ತಟ್ಟೆಯ ಅಂಚಿನಲ್ಲಿ ನಾಲ್ಕು ಸಾಲು ಚುಕ್ಕಿಗಳಿರುತ್ತವೆ. ದೊಡ್ಡ ಚುಕ್ಕಿಗಳ ಸಾಲು ನಿಂತಂತೆ ಕಂಡರೆ ವೇಗ ಸರಿ, ಉಳಿದ ಸಾಲುಗಳು ಶೇ. 6 ಹೆಚ್ಚು, 3.3 ಹೆಚ್ಚು, 3.3 ಕಡಿಮೆ ವೇಗಕ್ಕೆ. ದೊಡ್ಡ ಚುಕ್ಕಿ ಕದಲಲಿಲ್ಲ. ಪ್ಲೇಯರಿನ ಮಾತಿಗೆ ಪ್ಲೇಯರೇ ಸಾಕ್ಷಿಯಾದರೆ ಹೇಗೆ ಅಂತ ಕಾಗದದ ಸ್ಟ್ರೋಬ್ ಬಿಲ್ಲೆಯನ್ನೂ ಇಟ್ಟೆವು; ವೇಗ ಸರಿಯಿದ್ದರೆ ಮಿನುಗುವ ಬೆಳಕಿನಲ್ಲಿ ಅದರ ಗೆರೆಗಳು ನಿಂತಂತೆ ಕಾಣುತ್ತವೆ. ಬಹಳ ಜನ ಎಡವುವುದು ಇಲ್ಲಿ. ನಮ್ಮ 50 ಹರ್ಟ್ಸ್ ಕರೆಂಟಿಗೆ, 33⅓ ಸುತ್ತಿಗೆ ಬೇಕಾದ್ದು 180 ಗೆರೆಯ ಬಿಲ್ಲೆ. ಅಮೆರಿಕದಿಂದ ಬಂದ 216 ಗೆರೆಯ ಬಿಲ್ಲೆ 60 ಹರ್ಟ್ಸಿನದು, ಅದನ್ನು ನಂಬಿದರೆ ಸರಿಯಾಗಿರುವ ಪ್ಲೇಯರನ್ನೂ ಬಿಚ್ಚಿ ಹಾಳುಮಾಡುತ್ತೀರಿ. ಎಲ್‌ಇಡಿ ದೀಪದಲ್ಲೂ ನೋಡಬಾರದು, ಒಳ್ಳೆಯ ಎಲ್‌ಇಡಿ ಮಿನುಗುವುದಿಲ್ಲ, ಗೆರೆಗಳು ಬರೀ ಮಸುಕಾಗಿ ಹರಿಯುತ್ತವೆ. ಹಳೆಯ ಚೋಕಿನ ಟ್ಯೂಬ್‌ಲೈಟ್ ಬೇಕು. ಪುಣ್ಯಕ್ಕೆ ಆ ಹಾಲಿನಲ್ಲಿ ಒಂದು ಉಳಿದಿತ್ತು. ವೇಗ ಶೇ. 3ರಷ್ಟು ಹೆಚ್ಚಿದ್ದರೆ ಸೆಕೆಂಡಿಗೆ ಮೂರು ಗೆರೆ ಮುಂದಕ್ಕೆ ಜಾರಬೇಕು. ಒಂದೂ ಜಾರಲಿಲ್ಲ.

ಅಷ್ಟಾದರೂ ಸಲಹೆ ನಿಲ್ಲಲಿಲ್ಲ. ಸೂಜಿಯ ಭಾರ ನೋಡಿ ಅಂತ ಒಬ್ಬರು. ಆರ್ಟೋಫಾನ್ 2ಎಂ ರೆಡ್‌ಗೆ ಹೇಳಿರುವುದು 1.8 ಗ್ರಾಂ, ತಕ್ಕಡಿಯಲ್ಲಿ ಅಷ್ಟೇ ಇತ್ತು. ಇಲ್ಲದಿದ್ದರೂ ಭಾರ ತಪ್ಪಿದರೆ ದನಿ ಒಡೆಯುತ್ತದೆ, ತುತ್ತೂರಿ ಕರಕರ ಅನ್ನುತ್ತದೆ, ಶ್ರುತಿ ಏರುವುದಿಲ್ಲ. ನಡುವಿನ ತೂತು ಓರೆಯಾಗಿರಬಹುದು ಅಂತ ಇನ್ನೊಬ್ಬರು. ಹಾಗಿದ್ದರೆ ಶ್ರುತಿ ಮೇಲೆ ಕೆಳಗೆ ತೂಗಾಡುತ್ತದೆ, ಸರಿಯಾಗಿ 1.8 ಸೆಕೆಂಡಿಗೊಮ್ಮೆ, ಅಂದರೆ ತಟ್ಟೆಯ ಸುತ್ತಿಗೊಮ್ಮೆ. ಪಿಯಾನೊದ ಉದ್ದನೆಯ ಸ್ವರದಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಇಲ್ಲಿ ತೂಗಾಟವೇ ಇರಲಿಲ್ಲ, ಮೇಲೆ ಹೋಗಿ ಅಲ್ಲೇ ಗಟ್ಟಿಯಾಗಿ ನಿಂತಿತ್ತು. ಬೆಲ್ಟಿನ ಪ್ಲೇಯರಾದರೆ ಬೆಲ್ಟ್ ಹಿಗ್ಗಿ ಜಾರಿದಾಗ ವೇಗ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಸಂಬಂಧಿಕರು ಅಮೆರಿಕದಿಂದ ತಂದುಕೊಟ್ಟ, ಎಸಿ ಮೋಟಾರಿನ 60 ಹರ್ಟ್ಸ್ ಪ್ಲೇಯರ್ ಇಲ್ಲಿ ತಿರುಗುವುದು ನಿಮಿಷಕ್ಕೆ 27.8 ಸುತ್ತು, ಅದರಲ್ಲಿ ಯಾರು ಹಾಡಿದರೂ ನಿದ್ದೆಗಣ್ಣಲ್ಲಿ ಹಾಡಿದ ಹಾಗಿರುತ್ತದೆ. ಆ ರೋಗದ ಲಕ್ಷಣವೂ ಇದಲ್ಲ.

ಇಷ್ಟು ಹೊತ್ತೂ ಟೀಚರು ಸುಮ್ಮನೆ ಕೂತಿದ್ದರು. ಕೊನೆಗೆ ಅವರೇ ಕೇಳಿದರು, “ಇನ್ನೊಂದು ಸೈಡು ಹಾಕಿ ನೋಡಬಾರದಾ?”

ನಾಚಿಕೆಯ ವಿಷಯ. ತಕ್ಕಡಿ, ಬಿಲ್ಲೆ, ಟ್ಯೂಬ್‌ಲೈಟ್ ಎಲ್ಲ ಆದ ಮೇಲೆ, ಮೊದಲು ಮಾಡಬೇಕಾಗಿದ್ದ ಕೆಲಸ ಹೊರಗಿನವರ ಬಾಯಲ್ಲಿ ಬಂತು. ಎರಡನೇ ಸೈಡಿನ ‘ಆಲ್ ಬ್ಲೂಸ್’ ಇರುವುದು ‘ಜಿ’ಯಲ್ಲಿ, ಐದು ಮನೆ. ಟೀಚರ ಫೋನಿನ ತಂಬೂರಿ ಆ್ಯಪ್ ಐದಕ್ಕೆ ಇಟ್ಟರೆ ಹಾಲಿಗೆ ಸಕ್ಕರೆಯ ಹಾಗೆ ಸೇರಿತು. ಅದೇ ಪ್ಲೇಯರ್, ಅದೇ ರೆಕಾರ್ಡು, ಅದೇ ಸೂಜಿ. ತುತ್ತೂರಿ, ಸ್ಯಾಕ್ಸೊಫೋನಿನವರು ತುಟಿಯಲ್ಲಿ ಶ್ರುತಿ ಹೊಂದಿಸಿಕೊಳ್ಳಬಹುದು, ಪಿಯಾನೊ ಹೊಂದಿಸಿಕೊಳ್ಳುವುದಿಲ್ಲ. ಒಂದೇ ಸ್ಟುಡಿಯೋದ ಪಿಯಾನೊ ಒಂದು ಸೈಡಿನಲ್ಲಿ ಎರಡೂಕಾಲು, ಇನ್ನೊಂದರಲ್ಲಿ ನೇರ ಐದು ಅಂದರೆ ತಪ್ಪು ಬೆಂಗಳೂರಿನ ಹಾಲಿನಲ್ಲಿಲ್ಲ, ನ್ಯೂಯಾರ್ಕಿನಲ್ಲಿದೆ.

ಅದು ಇರುವುದೂ ಅಲ್ಲೇ. ಚರ್ಚ್ ಆಗಿದ್ದ ಕಟ್ಟಡವನ್ನು ಕೊಲಂಬಿಯಾ ರೆಕಾರ್ಡು ಕಂಪನಿಯವರು ಸ್ಟುಡಿಯೋ ಮಾಡಿಕೊಂಡಿದ್ದ 30ನೇ ಬೀದಿಯಲ್ಲಿ, 1959ರಲ್ಲಿ, ಎರಡು ದಿನ ಈ ರೆಕಾರ್ಡಿಂಗ್ ಆಯಿತು. ಮಾರ್ಚ್ 2ರಂದು ‘ಸೋ ವಾಟ್’, ‘ಫ್ರೆಡ್ಡಿ ಫ್ರೀಲೋಡರ್’, ‘ಬ್ಲೂ ಇನ್ ಗ್ರೀನ್’, ಅಂದರೆ ಇಡೀ ಮೊದಲ ಸೈಡು. ಏಪ್ರಿಲ್ 22ರಂದು ಎರಡನೆಯದು. ಮಾರ್ಚ್ 2ರಂದು ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ಯಂತ್ರ ನಿಧಾನವಾದರೆ ಅಷ್ಟೇ ಸಂಗೀತ ಕಡಿಮೆ ಉದ್ದದ ಟೇಪಿನಲ್ಲಿ ಹಿಡಿಯುತ್ತದೆ. ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಸಂಗೀತ ಬೇಗ ಮುಗಿಯುತ್ತದೆ, ಶ್ರುತಿ ಏರುತ್ತದೆ. ಹೀಗೆ ಏರಿದ್ದು ಸುಮಾರು ಕ್ವಾರ್ಟರ್ ಟೋನ್, ಅಂದರೆ ಅರ್ಧ ಸ್ವರದ ಅರ್ಧ, ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಎರಡೂಕಾಲು ಮನೆ. ಪಕ್ಕದಲ್ಲಿ ಓಡುತ್ತಿದ್ದ ಎರಡನೇ ಯಂತ್ರದ ಟೇಪು ಸರಿಯಾಗಿತ್ತು. ಅದನ್ನು ಹುಡುಕಿ, ಸರಿಯಾದ ವೇಗದಲ್ಲಿ ಮೊದಲು ಹೊರತಂದದ್ದು 1992ರಲ್ಲಿ. 1997ರ ಮರುಮುದ್ರಣದ ನಂತರ ಸರಿಪಡಿಸಿದ್ದೇ ವಾಡಿಕೆಯಾಯಿತು. ನಡುವೆ 33 ವರ್ಷ, ಈ ರೆಕಾರ್ಡಿನ ಜೊತೆ ಕೂತು ನುಡಿಸಿ ಕಲಿತವರೆಲ್ಲ ಇಲ್ಲದ ಶ್ರುತಿಗೆ ತಮ್ಮ ವಾದ್ಯ ತಿರುಪಿಕೊಂಡರು. ಪಿಯಾನೊ ಕಲಿಯುವವರಿಗೆ ತಿರುಪಲು ಏನೂ ಇರಲಿಲ್ಲ.

ನಮ್ಮಂಥವರ ಬಗ್ಗೆ ಸಿಟ್ಟು ಬರುವುದು ಇಲ್ಲಿ. ಇದೇ ರೆಕಾರ್ಡಿನ ಮೊದಲ ಜಾಕೆಟ್ಟುಗಳಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಆ್ಯಡರ್ಲಿಯ ಹೆಸರಿನ ಸ್ಪೆಲಿಂಗಿನಲ್ಲಿ ಒಂದು ‘ಇ’ ಬಿಟ್ಟುಹೋಗಿದೆ, ಎರಡನೇ ಸೈಡಿನ ಎರಡು ಹಾಡುಗಳ ಹೆಸರು ಅದಲುಬದಲಾಗಿದೆ. ಸಂಗ್ರಹಕಾರರಿಗೆ ಇವು ಬಾಯಿಪಾಠ, ಆ ತಪ್ಪಿಗೆ ಹೆಚ್ಚು ದುಡ್ಡು ಕೊಡುತ್ತಾರೆ. ಕಣ್ಣಿಗೆ ಕಾಣುವ ತಪ್ಪು ಆಭರಣ. ಕಿವಿಗೆ ಕೇಳುವ ತಪ್ಪನ್ನು ಒಬ್ಬರು ತೋರಿಸಿದರೆ, “ಇರಲ್ಲ ಮೇಡಂ, ಇದು ಜಾಝ್.” ಜಾಝ್‌ಗೆ ಶ್ರುತಿಯಿಲ್ಲ ಅನ್ನುವುದು ಜಾಝ್ ಗೊತ್ತಿಲ್ಲದವರ ಬೈಗುಳ. ಅದನ್ನೇ ಹೊಗಳಿಕೆಯೆಂಬಂತೆ, ಸಾವಿರ ರೆಕಾರ್ಡು ಇಟ್ಟುಕೊಂಡವರ ಬಾಯಿಂದ ಕೇಳಬೇಕಾಯಿತು. ಅವರೊಬ್ಬರ ಮಾತೇಕೆ, ನಾವು ಐದು ಜನ ತಲೆಯಾಡಿಸಿದೆವಲ್ಲ.

ಮುಂದಿನದು ಸುಲಭ. ಈ ಪ್ಲೇಯರಿನ ವೇಗ ಏರಿಳಿಸುವ ಪಿಚ್ ಸ್ಲೈಡರ್ ಎರಡೂ ಕಡೆ ಶೇ. 8ರವರೆಗೆ ಹೋಗುತ್ತದೆ. ಫೋನಿನ ತಂಬೂರಿ ಎರಡು ಮನೆಗೆ ಇಟ್ಟು, ‘ಸೋ ವಾಟ್’ ಮತ್ತೆ ಮೊದಲಿಂದ ಹಾಕಿ, ಸ್ಲೈಡರನ್ನು ಮೈನಸ್ ಕಡೆಗೆ ಮೆಲ್ಲಗೆ ಜರುಗಿಸಬೇಕು. ಸೊನ್ನೆಯ ಆಜುಬಾಜು ಕೂದಲೆಳೆಯಷ್ಟು ಜಾಗದಲ್ಲಿ ಅದು ಏನೂ ಮಾಡುವುದಿಲ್ಲ, ಕೆಟ್ಟಿದೆ ಅಂದುಕೊಳ್ಳಬೇಡಿ. ಬಾಸ್‌ನ ಮೇಲೆ ಲಕ್ಷ್ಯ ಇಡುವುದಕ್ಕಿಂತ ಪಿಯಾನೊದ ಆ “ಧಾ-ಪ” ಹಿಡಿಯುವುದು ವಾಸಿ. ಪಂಚಮ ತಂಬೂರಿಗೆ ತಾಗಿದ ಕೂಡಲೇ ಕಂಪನ ನಿಲ್ಲುತ್ತದೆ. ಕ್ವಾರ್ಟರ್ ಟೋನ್ ಅಂದರೆ ಲೆಕ್ಕದಲ್ಲಿ ಶೇ. 3ರ ಹತ್ತಿರ, ಟೀಚರು “ಸಾಕು” ಅಂದದ್ದು ಮೈನಸ್ ಮೂರಕ್ಕೆ ಸ್ವಲ್ಪ ಮುಂಚೆ.

ಇಳಿಸಿದ ಮೇಲೆ ಕೇಳಿದ್ದು ಬೇರೆಯೇ ರೆಕಾರ್ಡು. ಒಂಬತ್ತು ನಿಮಿಷದ ಹಾಡಿಗೆ ಹದಿನೈದು ಸೆಕೆಂಡಿನಷ್ಟು ಸೇರಿದರೆ ಏನಾದೀತು ಅನ್ನಿಸಬಹುದು. ಮೈಲ್ಸ್‌ನ ಸೋಲೊ ಶುರುವಾಗುವಾಗ ಡ್ರಮ್ಮರ್ ಜಿಮ್ಮಿ ಕಾಬ್ ಸಿಂಬಲ್ ಮೇಲೆ ಹೊಡೆಯುವ ಆ ಒಂದು ಏಟು ಇನ್ನಷ್ಟು ಹೊತ್ತು ಗಾಳಿಯಲ್ಲಿ ನಿಂತಿತು. ತುತ್ತೂರಿಯ ಮೈ ದಪ್ಪಗಾಯಿತು. ‘ಬ್ಲೂ ಇನ್ ಗ್ರೀನ್’ಗೆ ಇದರಿಂದ ಆದ ಲಾಭ ದೊಡ್ಡದು; ಮ್ಯೂಟ್ ಹಾಕಿದ ತುತ್ತೂರಿ ಏರಿದ ಶ್ರುತಿಯಲ್ಲಿ ಕೀಚಲಾಗಿ ಕೇಳುತ್ತಿತ್ತು ಅಂತ ಗೊತ್ತಾದದ್ದೇ ಈಗ. ‘ಸೋ ವಾಟ್’ ಮಾತ್ರ ಸ್ವಲ್ಪ ಖಾರ ಕಳೆದುಕೊಂಡಿತು, ಒಪ್ಪಲೇಬೇಕು. ಯಜಮಾನರು “ತೂಕಡಿಸೋ ಹಾಗಿದೆ, ಹಳೇದೇ ಚೆನ್ನ” ಅಂದರು. ಅದು ಅವರ ರುಚಿ. ಆ ಮಾತಿಗೆ ತಕರಾರಿಲ್ಲ.

ಉಳಿದವರ ಸರದಿ ಬೇಗ ಮುಗಿಯಿತು. ಅದೇ ಸ್ಟುಡಿಯೋದಲ್ಲಿ ಅದೇ ವರ್ಷ ಜುಲೈ 1ರಂದು ರೆಕಾರ್ಡ್ ಆದ, ಡೇವ್ ಬ್ರೂಬೆಕ್ ತಂಡದ ‘ಟೇಕ್ ಫೈವ್’ ಬಂದಾಗ ಟೀಚರು ತೊಡೆಯ ಮೇಲೆ ತಾಳ ಹಾಕಿ ಮಧ್ಯೆ ತಡೆದರು. ಐದು ಎಣಿಕೆಯ ಖಂಡ ಚಾಪು ಎರಡು-ಮೂರು, ಇದು ಮೂರು-ಎರಡು. “ತಿರುಗಿಸಿ ಹಾಕಿಕೊಂಡಿದಾರೆ” ಅಂದು ನಕ್ಕು ಮತ್ತೆ ಹಾಕಿದರು. ಈ ಸಲ ಯಾರೂ ತಿದ್ದಲಿಲ್ಲ.

ಕೊನೆಯದು ಟೀಚರಿಗೆಂದೇ ತೆಗೆದದ್ದು: 1983ರ ‘ಜ್ಯೋತಿ’, ಇಸಿಎಂ ಲೇಬಲ್ಲು, ಚಾರ್ಲಿ ಮೇರಿಯಾನೊನ ಸ್ಯಾಕ್ಸೊಫೋನ್ ಮತ್ತು ಕೊಳಲಿನ ಜೊತೆ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಮಾಮಣಿಯವರ ಹಾಡು. ಯಜಮಾನರು ಸೂಜಿ ಇಳಿಸಿ, ಸಂಧಾನದ ದನಿಯಲ್ಲಿ “ಇದರ ಶ್ರುತಿ ಸರಿ ಇರಬೇಕಲ್ಲ ಮೇಡಂ” ಅಂದರು.

ಟೀಚರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ, “ರಮಾಮಣಿಯವರ ದನಿ ಇಷ್ಟು ಭಾರ ಇಲ್ಲವಲ್ಲ?”

ಸ್ಲೈಡರನ್ನು ಸೊನ್ನೆಗೆ ತರುವುದು ಎಲ್ಲರೂ ಮರೆತಿದ್ದೆವು.