ಟೆಂಟ್ ಹಾಕಿದ ರಾತ್ರಿ ಬ್ಯಾಗು ಎಲ್ಲಿಡಬೇಕು?

ಕುದುರೆಮುಖ ಶಿಖರದ ಎತ್ತರ 1894 ಮೀಟರ್. ಅಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಹಾಗಾಗಿ ಹತ್ತಿದವರೆಲ್ಲ ಕತ್ತಲಾಗುವ ಮೊದಲೇ ಇಳಿದು ಸಂಸೆ, ಕಳಸದ ಕಡೆಯ ಯಾವುದಾದರೂ ಹೋಂಸ್ಟೇ ಸೇರುತ್ತಾರೆ. ಕೋಣೆ ಬೇಡವೆನ್ನುವವರು ಅದರ ಅಂಗಳದಲ್ಲೋ ಕೊಯ್ಲಾದ ಗದ್ದೆಯ ಬದಿಯಲ್ಲೋ ಟೆಂಟ್ ಹಾಕುತ್ತಾರೆ. ನವೆಂಬರಿನ ಅಂಥದೊಂದು ರಾತ್ರಿ, ಎರಡು ಜನರ ಟೆಂಟು, ಐವತ್ತು ಲೀಟರಿನ ಎರಡು ಬ್ಯಾಗು. ಮಳೆಗಾಲ ಮುಗಿದಿದೆ, ಆದರೆ ನೆಲದ ತೇವ ಆರಿಲ್ಲ. ಟೆಂಟಿನ ಕೊನೆಯ ಗೂಟ ಹೊಡೆದಾದ ಮೇಲೆ ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಕೇಳುತ್ತಾರೆ: ಬ್ಯಾಗು ಒಳಗಾ, ಹೊರಗಾ?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಬ್ಯಾಗು ಖಾಲಿ ಮಾಡಬೇಕು. ತುಂಬಿದ ಬ್ಯಾಗಿಗೆ ಎಲ್ಲಿಯೂ ಒಳ್ಳೆಯ ಜಾಗವಿಲ್ಲ. ಖಾಲಿ ಬ್ಯಾಗನ್ನು ಹತ್ತು ಕಡೆ ಇಡಬಹುದು. ಮ್ಯಾಟು, ಸ್ಲೀಪಿಂಗ್ ಬ್ಯಾಗು, ಮಲಗುವಾಗಿನ ಒಣಬಟ್ಟೆ, ಟಾರ್ಚು, ಒಂದು ಲೀಟರ್ ನೀರು, ಔಷಧಿ ಡಬ್ಬಿ ಟೆಂಟಿನೊಳಗೆ ಹೋಗಲಿ. ರೇನ್‌ಕೋಟು ಬಾಗಿಲ ಪಕ್ಕ, ಕೈಗೆ ಸಿಗುವಂತಿರಲಿ. ಹಣ, ಫೋನು, ಕನ್ನಡಕ, ಗಾಡಿ ಕೀ, ದಿನವೂ ನುಂಗುವ ಮಾತ್ರೆ ಇವಿಷ್ಟನ್ನೂ ಒಂದು ಸಣ್ಣ ಪೌಚಿಗೆ ಹಾಕಿ ತಲೆಯ ಹತ್ತಿರ, ಸ್ಲೀಪಿಂಗ್ ಬ್ಯಾಗಿನ ಒಳಗೇ ಇಟ್ಟುಕೊಳ್ಳಬೇಕು. ಬ್ಯಾಗಿನ ಜಿಪ್ಪಿಗೆ ಬೀಗ ಹಾಕುವುದು ಕೆಲವರ ಅಭ್ಯಾಸ. ಅದರಿಂದ ಏನೂ ಉಪಯೋಗವಿಲ್ಲ. ಬೀಗ ಇದೆ ಎಂದರೆ ಒಳಗೆ ಬೆಲೆಬಾಳುವುದು ಇದೆ ಎಂದು ಹೊರಗಿನವರಿಗೆ ಹೇಳಿಕೊಟ್ಟ ಹಾಗೆ. ಮೇಲಾಗಿ, ಜಿಪ್ಪಿನ ಹಲ್ಲುಗಳ ನಡುವೆ ಒಂದು ಬಾಲ್‌ಪೆನ್ ತೂರಿಸಿದರೆ ಬೀಗ ಮುಟ್ಟದೆಯೇ ಅದು ಬಿಚ್ಚಿಕೊಳ್ಳುತ್ತದೆ.

ಇನ್ನು ತಿನ್ನುವ ಪದಾರ್ಥ. ಇದರಲ್ಲಿ ರಿಯಾಯಿತಿ ಬೇಡ. ಚಪಾತಿ ಡಬ್ಬಿ, ಚಟ್ನಿಪುಡಿ, ಕೋಡುಬಳೆ ಎಲ್ಲರಿಗೂ ನೆನಪಿರುತ್ತವೆ. ಮರೆತುಹೋಗುವುದು ಸೊಂಟಪಟ್ಟಿಯ ಪುಟ್ಟ ಜೇಬಿನಲ್ಲಿ ಉಳಿದ ಅರ್ಧ ಚಿಕ್ಕಿ, ಬದಿಯ ಜೇಬಿನ ಕಿತ್ತಳೆ ಸಿಪ್ಪೆ, ಮುಚ್ಚಳದ ಜೇಬಿನ ಓಆರ್‌ಎಸ್ ಪೊಟ್ಟಣ, ಕೆಮ್ಮಿನ ಗುಳಿಗೆ, ಟೂತ್‌ಪೇಸ್ಟು, ಸಾಬೂನು. ಇಲಿಗೆ ಜಿಪ್ಪು ಎಳೆಯುವ ಕೆಲಸ ಗೊತ್ತಿಲ್ಲ. ವಾಸನೆ ಎಲ್ಲಿಂದ ಬರುತ್ತದೋ ಅಲ್ಲಿಗೆ ನೇರ ದಾರಿ ಕೊರೆಯುತ್ತದೆ. ಹಾಗಾಗಿಯೇ ಇಲಿ ಕಡಿದ ಬ್ಯಾಗುಗಳಲ್ಲಿ ತೂತು ಸಾಮಾನ್ಯವಾಗಿ ಇಂಥ ಸಣ್ಣ ಜೇಬುಗಳಲ್ಲೇ ಇರುತ್ತದೆ. ಪದಾರ್ಥ ಟೆಂಟಿನೊಳಗಿದ್ದರೆ ಮೊದಲ ತೂತು ಟೆಂಟಿಗೆ, ಎರಡನೆಯದು ಬ್ಯಾಗಿಗೆ. ಆದ್ದರಿಂದ ಒಂದೊಂದು ಜೇಬಿಗೂ ಕೈಹಾಕಿ, ಒಳಗನ್ನು ಹೊರಗೆ ಮಗುಚಿ, ತಲೆಕೆಳಗು ಮಾಡಿ ಕೊಡವಿ ಪುಡಿ ಉದುರಿಸಬೇಕು. ಇಷ್ಟು ಮಾಡಿಟ್ಟ ಬ್ಯಾಗಿನ ಎಲ್ಲ ಜಿಪ್ಪುಗಳನ್ನೂ ಸ್ವಲ್ಪ ತೆರೆದೇ ಬಿಡುವುದು ಒಳ್ಳೆಯದು. ಒಳಗೆ ನುಗ್ಗಿ ನೋಡಿದ ಇಲಿ ಏನೂ ಸಿಗದೆ ಬಂದ ದಾರಿಯಲ್ಲೇ ಹೋಗುತ್ತದೆ, ಬಟ್ಟೆ ಕೊರೆಯುವ ಪ್ರಮೇಯ ಬರುವುದಿಲ್ಲ.

ಹೊರತೆಗೆದ ತಿಂಡಿಗೆ ನಮ್ಮ ಅಡುಗೆಮನೆಯ ಸ್ಟೀಲ್ ಡಬ್ಬಿಯಷ್ಟು ಯೋಗ್ಯವಾದದ್ದು ಇನ್ನೊಂದಿಲ್ಲ. ಬಾಯಿ ಬಿಗಿಯಾಗಿರುವ, ಕ್ಲಿಪ್ ಇರುವ ಎರಡು ಲೀಟರಿನ ಡಬ್ಬಿ ಇಬ್ಬರ ಒಂದು ದಿನದ ತಿಂಡಿಗೆ ಸಾಕು. ಪ್ಲಾಸ್ಟಿಕ್ ಡಬ್ಬಿ, ಜಿಪ್‌ಲಾಕ್ ಕವರು ವಾಸನೆಯನ್ನು ಸ್ವಲ್ಪ ತಡೆದಾವು, ಹಲ್ಲನ್ನು ತಡೆಯಲಾರವು. ಮನೆಯ ಅಂಗಳದಲ್ಲಿದ್ದರೆ ಡಬ್ಬಿಯನ್ನು ಮನೆಯವರನ್ನು ಕೇಳಿ ಅಡುಗೆಮನೆಯಲ್ಲೇ ಇಡಿಸುವುದು ಲೇಸು. ಮನೆಯಿಲ್ಲದ ಕಡೆ ಟೆಂಟಿನಿಂದ ದೂರದಲ್ಲಿ, ಕೊಂಬೆಗೆ ಹಗ್ಗ ಹಾಕಿ, ನೆಲದಿಂದ ನಾಲ್ಕು ಮೀಟರ್ ಎತ್ತರದಲ್ಲಿ, ಕಾಂಡದಿಂದ ಎರಡು ಮೀಟರ್ ಆಚೆ ತೂಗುಹಾಕಬೇಕು. ಬೆಳಗಾದ ಮೇಲೆ ಮಂಗಗಳು ಬಂದರೆ ಈ ಎತ್ತರಕ್ಕೆ ಅರ್ಥವಿಲ್ಲ, ಅದಕ್ಕೇ ಬೆಳಕು ಹರಿಯುತ್ತಲೇ ಇಳಿಸಿಕೊಳ್ಳಬೇಕು. ತಿಂದು ಬಿಸಾಡಬೇಕಾದ ಕವರು, ಸಿಪ್ಪೆಯ ಚೀಲವೂ ಡಬ್ಬಿಯ ಜೊತೆಗೇ ಹೋಗಲಿ.

ಈಗ ಖಾಲಿ ಬ್ಯಾಗಿನ ಜಾಗ. ಅಳತೆ ಹಾಕಿ ನೋಡೋಣ. ಇಬ್ಬರ ಸಾಮಾನ್ಯ ಟೆಂಟಿನ ಒಳನೆಲ ಸುಮಾರು 210 ಸೆಂ.ಮೀ. ಉದ್ದ, 130 ಸೆಂ.ಮೀ. ಅಗಲ. ಒಂದು ಮ್ಯಾಟಿನ ಅಗಲ 50 ಸೆಂ.ಮೀ.ಗಿಂತ ತುಸು ಹೆಚ್ಚು. ಎರಡು ಮ್ಯಾಟು ಹಾಸಿದರೆ ಉಳಿಯುವುದು 25 ರಿಂದ 30 ಸೆಂ.ಮೀ. ಮಾತ್ರ. ಐವತ್ತು ಲೀಟರಿನ ಬ್ಯಾಗು ತುಂಬಿದ್ದರೆ 70 ಸೆಂ.ಮೀ. ಉದ್ದ, 30ಕ್ಕೂ ಹೆಚ್ಚು ಅಗಲ. ಅಂದರೆ ಎರಡು ತುಂಬಿದ ಬ್ಯಾಗು ಒಳಗೆ ಬಂದರೆ ಯಾರಾದರೊಬ್ಬರು ಟೆಂಟಿನ ಗೋಡೆಗೆ ಅಂಟಿ ಮಲಗಬೇಕು. ಖಾಲಿಯಾದದ್ದನ್ನು ಚಪ್ಪಟೆ ಮಾಡಿದರೆ ಕೈಯಗಲದ ದಪ್ಪವೂ ಇರುವುದಿಲ್ಲ. ಒಬ್ಬರೇ ಮಲಗುವ ಇಬ್ಬರ ಟೆಂಟಿನಲ್ಲಿ ಈ ಲೆಕ್ಕವೇ ಬೇಡ, ಪಕ್ಕದಲ್ಲಿಟ್ಟು ಮಲಗಬಹುದು.

ಒಳಗೆ ಇಡುವುದಾದರೆ ಕಾಲಬುಡವೇ ಸರಿಯಾದ ಜಾಗ. ತಲೆಯನ್ನು ನೆಲದ ಎತ್ತರದ ಕಡೆಗೆ, ಕಾಲನ್ನು ತಗ್ಗಿನ ಕಡೆಗೆ ಮಾಡಿ ಮಲಗುವುದು ಸರಿಯಾದ ಕ್ರಮವಾದ್ದರಿಂದ, ಕಾಲಬುಡದ ಬ್ಯಾಗು ಜಾರುವ ಮ್ಯಾಟನ್ನೂ ತಡೆಯುತ್ತದೆ. ಮ್ಯಾಟು ಗಿಡ್ಡದಾಗಿದ್ದರೆ ಬೆನ್ನಿನ ಫೋಮ್ ಮೇಲಕ್ಕೆ ಬರುವಂತೆ ಬ್ಯಾಗು ಹಾಸಿ ಮೀನಖಂಡ, ಹಿಮ್ಮಡಿಗಳನ್ನು ಅದರ ಮೇಲಿಡಿ, ನೆಲದ ಥಂಡಿ ತಟ್ಟುವುದಿಲ್ಲ. ಗಮನಿಸಬೇಕಾದದ್ದು ಗೋಡೆ. ಟೆಂಟಿಗೆ ಎರಡು ಪದರ: ಮಲಗುವ ಒಳಟೆಂಟು, ಅದರ ಮೇಲೆ ಮಳೆ ತಡೆಯುವ ಹೊರಹೊದಿಕೆ. ಇಬ್ಬರ ಉಸಿರಿನ ತೇವ ರಾತ್ರಿಯಿಡೀ ಈ ಹೊರಹೊದಿಕೆಯ ಒಳಮೈಯಲ್ಲಿ ಹನಿಗಟ್ಟುತ್ತದೆ. ಬ್ಯಾಗು ಒಳಟೆಂಟಿನ ಬಟ್ಟೆಯನ್ನು ತಳ್ಳಿ ಹೊರಹೊದಿಕೆಗೆ ತಾಗಿಸಿದರೆ ಆ ನೀರು ನೇರವಾಗಿ ಬ್ಯಾಗಿಗೆ, ಅಲ್ಲಿಂದ ಸ್ಲೀಪಿಂಗ್ ಬ್ಯಾಗಿನ ತುದಿಗೆ ಇಳಿಯುತ್ತದೆ. ಬೆಳಗ್ಗೆ “ಟೆಂಟು ಸೋರಿತು” ಎಂದು ಹೇಳುವ ಎಷ್ಟೋ ಸಂದರ್ಭಗಳಲ್ಲಿ ಸೋರಿಕೆಯೇ ಇರುವುದಿಲ್ಲ, ಗೋಡೆಗೆ ಆನಿಸಿಟ್ಟ ಸಾಮಾನು ಇರುತ್ತದೆ. ನಾಲ್ಕು ಬೆರಳಿನಷ್ಟು ಅಂತರ ಬಿಟ್ಟರೆ ಸಾಕು. ಕೆಲವು ಟೆಂಟಿನ ನೈಲಾನ್ ಹೊದಿಕೆ ಒದ್ದೆಯಾದಂತೆ ಹಿಗ್ಗಿ ಜೋತುಬೀಳುತ್ತದೆ, ಆದ್ದರಿಂದ ಮಲಗುವ ಮೊದಲು ಹಗ್ಗಗಳನ್ನು ಒಮ್ಮೆ ಬಿಗಿದು ಆಮೇಲೆ ಈ ಅಂತರ ನೋಡಿಕೊಳ್ಳಬೇಕು.

ಒಳಟೆಂಟಿಗೂ ಹೊರಹೊದಿಕೆಗೂ ನಡುವೆ, ಬಾಗಿಲ ಮುಂದೆ ಸಿಗುವ ಜಾಗ, ಅಂದರೆ ವೆಸ್ಟಿಬ್ಯೂಲ್, ಬ್ಯಾಗಿಗೆಂದೇ ಇರುವಂಥದ್ದು. ಮಲೆನಾಡಿನ ಅಂಗಳದಲ್ಲಿ, ಜಗಲಿ ಸಿಗದಿದ್ದರೆ, ನಮ್ಮ ಮೊದಲ ಆಯ್ಕೆ ಇದೇ. ಆದರೆ ಅಲ್ಲಿ ಸುಮ್ಮನೆ ಎಸೆದರೆ ಆಗದು. ಕೆಳಗೆ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಬೇಕು. ಆ ಹಾಳೆಯ ಅಂಚು ಹೊರಹೊದಿಕೆಯಿಂದ ಆಚೆಗೆ ಇಣುಕಬಾರದು. ಇಣುಕಿದರೆ ಹೊದಿಕೆಯಿಂದಿಳಿದ ಮಳೆನೀರನ್ನು ಅದೇ ಹಿಡಿದು ಬ್ಯಾಗಿನಡಿಗೆ ತರುತ್ತದೆ. ಅಂಚನ್ನು ಒಂದು ಗೇಣು ಒಳಕ್ಕೆ ಮಡಚಿ. ಬ್ಯಾಗನ್ನು ನಿಲ್ಲಿಸಬೇಡಿ, ಮಲಗಿಸಿ, ಬೆನ್ನಿನ ಭಾಗ ಮೇಲಿರಲಿ. ಬೆವರು ಕುಡಿದ ಫೋಮು, ಭುಜಪಟ್ಟಿ ನೆಲಕ್ಕೆ ತಾಗಿದರೆ ತೇವ ಹೀರುತ್ತವೆ, ಮಣ್ಣು ಹಿಡಿಯುತ್ತವೆ, ಬೆಳಗ್ಗೆ ಮೊದಲು ಮೈಗೆ ತಾಗುವುದೂ ಅವೇ. ನಡೆಯುವಾಗ ಬ್ಯಾಗಿನ ಮುಂಭಾಗಕ್ಕೆ ಹಾಕುವ ರೇನ್‌ಕವರನ್ನು ರಾತ್ರಿ ತಿರುಗಿಸಿ, ಈ ಪಟ್ಟಿಗಳ ಕಡೆಯಿಂದ ಹಾಕಬೇಕು. ಒಳಟೆಂಟಿನ ಹತ್ತಿರದ ಕುಣಿಕೆಗೆ ಬ್ಯಾಗಿನ ಮೇಲ್ಹಿಡಿಯನ್ನು ಒಂದು ಸಣ್ಣ ಕ್ಯಾರಬೀನರಿನಿಂದ, ಅಂದರೆ ಒತ್ತಿದರೆ ತೆರೆಯುವ ಲೋಹದ ಕೊಂಡಿಯಿಂದ, ಸಿಕ್ಕಿಸಿದರೆ ನಾಯಿ ಎಳೆದರೂ ಗೊತ್ತಾಗುತ್ತದೆ. ಬಾಗಿಲ ಅರ್ಧ ಭಾಗ ಯಾವಾಗಲೂ ತೆರವಾಗಿರಲಿ. ರಾತ್ರಿ ಅವಸರದಲ್ಲಿ ಹೊರಬರಬೇಕಾದಾಗ ಪಟ್ಟಿಗೆ ಕಾಲು ಸಿಕ್ಕಿ ಬೀಳುವುದು ಇಲ್ಲೇ. ಅದೇ ಜಾಗದಲ್ಲಿ ಒಲೆ ಹಚ್ಚುವುದಂತೂ ಬೇಡವೇ ಬೇಡ: ನೈಲಾನು ಬೆಂಕಿಗೆ ಕರಗುತ್ತದೆ, ಕಾರ್ಬನ್ ಮಾನಾಕ್ಸೈಡು ಟೆಂಟಿನೊಳಗೆ ತುಂಬುತ್ತದೆ.

“ಮಳೆಯಿಲ್ಲವಲ್ಲ, ಹೊರಗೇ ಇರಲಿ” ಎನ್ನುವವರಿಗೆ ಇಬ್ಬನಿಯ ಲೆಕ್ಕ ಗೊತ್ತಿರುವುದಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಮಲೆನಾಡಿನಲ್ಲಿ ಆಕಾಶ ತಿಳಿಯಾಗಿದ್ದಷ್ಟೂ ಇಬ್ಬನಿ ಹೆಚ್ಚು. ಮೋಡವಿಲ್ಲದ ರಾತ್ರಿ ನೆಲವೂ ಬ್ಯಾಗೂ ತಮ್ಮ ಶಾಖವನ್ನು ಬೇಗ ಕಳೆದುಕೊಂಡು ಗಾಳಿಗಿಂತ ತಣ್ಣಗಾಗುತ್ತವೆ, ಗಾಳಿಯ ತೇವ ಅವುಗಳ ಮೇಲೆ ಕೂರುತ್ತದೆ. ಬಯಲಲ್ಲಿ ಬಿಟ್ಟ ಬ್ಯಾಗು ಬೆಳಗಿನ ಹೊತ್ತಿಗೆ ಮಳೆಯಲ್ಲಿ ನೆಂದದ್ದಕ್ಕಿಂತ ಕಡಿಮೆಯೇನೂ ಇರುವುದಿಲ್ಲ. ಹೊರಗಿಡಲೇಬೇಕಾದರೆ ದಟ್ಟ ಮರದಡಿ ಇಡಿ, ಅಲ್ಲಿ ಇಬ್ಬನಿ ಕಡಿಮೆ. ಒಣಗಿದ ಕೊಂಬೆ ಮೇಲೆ ಇಲ್ಲವೆಂದು ಮೊದಲು ಟಾರ್ಚು ಬಿಟ್ಟು ನೋಡಿ.

ಜಗಲಿ ಇದ್ದರೆ ಅದು ಟೆಂಟಿಗಿಂತ ಮೇಲು. ಬಟ್ಟೆ ಒಣಗಿಸುವ ಗಳುವಿಗೆ ನೇತುಹಾಕಿದ ಬ್ಯಾಗಿಗೆ ಗಾಳಿಯಾಡುತ್ತದೆ, ಬೆವರು ಆರುತ್ತದೆ. ಅಡಿಕೆ, ಭತ್ತ ಇರುವ ಮನೆಯಲ್ಲಿ ಇಲಿ, ಹೆಗ್ಗಣ ಇದ್ದೇ ಇರುತ್ತವೆ, ಆದರೆ ನೇತಾಡುವ, ವಾಸನೆಯಿಲ್ಲದ ಬ್ಯಾಗಿನ ಗೊಡವೆಗೆ ಅವು ಬರುವುದು ಅಪರೂಪ. ಕೊಟ್ಟಿಗೆಯ ಹತ್ತಿರ ಮಾತ್ರ ಬೇಡ. ಬೆವರಿನ ಉಪ್ಪಿಗೆ ಹಸು, ಎಮ್ಮೆಗಳು ಪಟ್ಟಿಯನ್ನು ನೆಕ್ಕಿ ಅಗಿಯುತ್ತವೆ. ಕಾಡಂಚಿನಲ್ಲಿ ಮುಳ್ಳುಹಂದಿಗೂ ಉಪ್ಪಿನಾಸೆ ಉಂಟು. ಊರನಾಯಿಗಳು ಬ್ಯಾಗಿಗಿಂತ ಚಪ್ಪಲಿ, ಶೂಗಳನ್ನೇ ಹೊತ್ತೊಯ್ಯುವುದು ಹೆಚ್ಚು. ಶೂಗಳನ್ನು ಕವರಿಗೆ ಹಾಕಿ ಒಳಗಿಟ್ಟುಕೊಳ್ಳಿ. ನೆಲದಲ್ಲಿಡುವ ಮೊದಲು ಟಾರ್ಚು ಬಿಟ್ಟು ಇರುವೆ ಸಾಲು, ಗೆದ್ದಲಿನ ಮಣ್ಣು ಇದೆಯೇ ನೋಡಬೇಕು. ಸಾಲು ಕಂಡರೆ ಎರಡು ಹೆಜ್ಜೆ ಸರಿದರೆ ಸಾಕು. ಇಂಬಳವೂ ನವೆಂಬರಿನ ಒದ್ದೆ ಹುಲ್ಲಿನಲ್ಲಿ ಉಳಿದಿರುತ್ತದೆ. ಬೆನ್ನಿನ ಜಾಳಿಗೆ, ಭುಜಪಟ್ಟಿಯ ಅಡಿ, ಮುಚ್ಚಳದ ಮಡಿಕೆ ಅದಕ್ಕೆ ಅಡಗುತಾಣ. ಒಳಗೆ ತರುವ ಮುನ್ನ ಉಪ್ಪಿನ ಪೊಟ್ಟಣದಿಂದ ಅಲ್ಲೆಲ್ಲ ಒತ್ತಿ ನೋಡಿ, ಉದುರಿದರೆ ಹೊರಗೇ ಉದುರಲಿ. ಆಮೇಲೆ ಅಲ್ಲಿ ಅಂಟಿದ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಡಿ.

ಸಕಲೇಶಪುರ, ಆಲೂರು, ಕೊಡಗಿನ ಕಾಫಿ ತೋಟಗಳಲ್ಲಿ ಲೆಕ್ಕವೇ ಬೇರೆ. ಅಲ್ಲಿ ಯೋಚಿಸಬೇಕಾದದ್ದು ಆನೆಯನ್ನು. ಅಕ್ಕಿ, ಉಪ್ಪು, ಬೆಲ್ಲ, ಹಲಸು, ಬಾಳೆಹಣ್ಣಿನ ವಾಸನೆಗೆ ಆನೆ ಮನೆಯ ಗೋಡೆಯನ್ನೇ ಕೆಡವಿದ ಊರುಗಳವು. ಟೆಂಟಿನಲ್ಲಿ ಒಂದು ಬಾಳೆಹಣ್ಣೂ ಇರಬಾರದು, ಅಡುಗೆಯೂ ಟೆಂಟಿನ ಹತ್ತಿರ ಬೇಡ, ಮರಕ್ಕೆ ತೂಗುಹಾಕಿದ್ದಂತೂ ಆನೆಯ ಸೊಂಡಿಲಿಗೆ ಸುಲಭ. ತಿನ್ನುವುದೆಲ್ಲ ತೋಟದ ಗಟ್ಟಿ ಕಟ್ಟಡದೊಳಗೆ ಹೋಗಲಿ. ಆನೆ ಓಡಾಡುತ್ತಿದೆ ಎಂದು ತೋಟದವರು ಹೇಳಿದ ರಾತ್ರಿ ಬ್ಯಾಗಷ್ಟೇ ಅಲ್ಲ, ಮಲಗುವವರೂ ಆ ಕಟ್ಟಡದೊಳಗೇ ಹೋಗಬೇಕು.

ಹಿಮಾಲಯದ ಚಳಿಗಾಲದ ಚಾರಣಕ್ಕೆ ಇಲ್ಲಿಂದ ಹೋಗುವವರು ಬಹಳ. ಅಲ್ಲಿ ನೀರಿಗಿಂತ ಹೆಪ್ಪುಗಟ್ಟುವುದು ಚಿಂತೆ. ಬ್ಯಾಗು ವೆಸ್ಟಿಬ್ಯೂಲಿನಲ್ಲಿ ಇರಲಿ, ಆದರೆ ಪವರ್‌ಬ್ಯಾಂಕು, ಕ್ಯಾಮೆರಾ ಬ್ಯಾಟರಿ, ನೀರಿನ ಫಿಲ್ಟರು ನಿಮ್ಮ ಸ್ಲೀಪಿಂಗ್ ಬ್ಯಾಗಿನೊಳಗೆ ಬರಲಿ. ಟೊಳ್ಳು ನಾರಿನ ಫಿಲ್ಟರಿನಲ್ಲಿ ಉಳಿದ ನೀರು ಗಡ್ಡೆಗಟ್ಟಿದರೆ ನಾರು ಒಡೆದು, ಹೊರಗೆ ಏನೂ ಕಾಣದೆಯೇ ಅದು ಕೆಲಸಕ್ಕೆ ಬಾರದಾಗುತ್ತದೆ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಬೇಕು: ಮಂಜುಗಡ್ಡೆ ಮೇಲಿನಿಂದ ಕಟ್ಟುವುದರಿಂದ ಬಾಯಿ ತೆರೆದೇ ಇರುತ್ತದೆ. ಒದ್ದೆ ಪಟ್ಟಿ, ಬಕಲುಗಳು ಬೆಳಗ್ಗೆ ಮರಗಟ್ಟಿರುತ್ತವೆ. ಅದಕ್ಕೆ ಪಟ್ಟಿಗಳನ್ನು ಸಂಜೆಯೇ ಸಡಿಲಿಸಿ ಉದ್ದ ಮಾಡಿಡಿ, ಬೆಳಗ್ಗೆ ಮರಗಟ್ಟಿದರೂ ತೋಳು ತೂರುತ್ತದೆ.

ಅಮೆರಿಕದ ಬೇ ಏರಿಯಾದ ಕನ್ನಡಿಗರು ಕ್ಯಾಲಿಫೋರ್ನಿಯಾದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವಾಗ ಆಯ್ಕೆಯೇ ಇಲ್ಲ, ನಿಯಮವಿದೆ. ಅಲ್ಲಿನ ಕಾಡಿನಲ್ಲಿ ರಾತ್ರಿ ತಂಗುವವರು ತಿನ್ನುವುದನ್ನೂ ಟೂತ್‌ಪೇಸ್ಟು, ಸಾಬೂನಿನಂಥ ವಾಸನೆಯ ವಸ್ತುಗಳನ್ನೂ ಕರಡಿ ತೆರೆಯಲಾರದ ಗಟ್ಟಿ ಡಬ್ಬಿಯಲ್ಲೇ ಇಡಬೇಕು, ಮರಕ್ಕೆ ತೂಗುಹಾಕುವುದು ನಿಷಿದ್ಧ. ಇಂಥವುಗಳಲ್ಲಿ ಚಾಲ್ತಿಯಲ್ಲಿರುವ, ಬೇರ್‌ವಾಲ್ಟ್ ಕಂಪನಿಯ ಬಿವಿ500 ಡಬ್ಬಿ 11.5 ಲೀಟರಿನದು, ತೂಕ ಒಂದು ಕಿಲೋಗಿಂತ ಹೆಚ್ಚು. ಡಬ್ಬಿ ಟೆಂಟಿನಿಂದ ದೂರ, ಬಂಡೆಯಂಚಿನಿಂದಲೂ ನೀರಿನಿಂದಲೂ ದೂರ ಇರಬೇಕು, ಕರಡಿ ಉರುಳಿಸಿದರೆ ಕಣಿವೆಗೆ ಬೀಳಬಾರದು. ಅದಕ್ಕೆ ಹಗ್ಗ ಕಟ್ಟಬಾರದು, ಹಗ್ಗವಿದ್ದರೆ ಕರಡಿಗೆ ಎಳೆದೊಯ್ಯಲು ಹಿಡಿ ಸಿಕ್ಕಂತೆ. ಖಾಲಿ ಬ್ಯಾಗಿಗೆ ಮಾತ್ರ ಮೇಲೆ ಹೇಳಿದ ತೆರೆದ ಜಿಪ್ಪಿನ ಕ್ರಮವೇ ಅಲ್ಲಿಯೂ.

ಬೆಳಗ್ಗೆ ಬ್ಯಾಗಿಗೆ ನೇರ ಕೈ ಹಾಕಬೇಡಿ. ಮೊದಲು ಕೋಲಿನಿಂದ ಎರಡು ಸಲ ತಟ್ಟಿ, ಮೇಲ್ಹಿಡಿ ಹಿಡಿದು ನಿಮ್ಮಿಂದ ಆಚೆಗೆ ಎತ್ತಿ, ಅಡಿಯನ್ನು ಟಾರ್ಚಿನಲ್ಲಿ ನೋಡಿ. ಬೆಚ್ಚಗಿನ, ಕತ್ತಲಿನ ಅಡಿಭಾಗ ಚೇಳಿಗೆ ಇಷ್ಟ, ಕೆಲವೊಮ್ಮೆ ಹಾವಿಗೂ. ತೆರೆದಿಟ್ಟ ಜೇಬುಗಳನ್ನು ಮಗುಚಿ ಕೊಡವಿ, ಶೂಗಳಿಗೂ ಅದೇ. ರೇನ್‌ಕವರು ಒದ್ದೆಯಿದ್ದರೆ ಮಡಚಿ ಅದರ ಜೇಬಿಗೆ ತುರುಕದೆ ಹೊರಗೆ ಕಟ್ಟಿಕೊಂಡು ನಡೆಯಿರಿ. ಬಿಸಿಲು ಬಿದ್ದ ಅರ್ಧ ಗಂಟೆ ಬ್ಯಾಗಿನ ಬೆನ್ನನ್ನು ಸೂರ್ಯನ ಕಡೆ ತಿರುಗಿಸಿಟ್ಟು, ಅಷ್ಟರಲ್ಲಿ ಟೆಂಟು ಬಿಚ್ಚಿ, ದಪ್ಪ ಪ್ಲಾಸ್ಟಿಕ್ ಲೈನರನ್ನು ಬ್ಯಾಗಿನೊಳಗೆ ಹಾಕಿ, ಸ್ಲೀಪಿಂಗ್ ಬ್ಯಾಗು ಮತ್ತು ಬಟ್ಟೆ ಅದರೊಳಗೆ ತುಂಬಿ ಬಾಯಿ ತಿರುಚಿ ಕಟ್ಟಿ. ಒದ್ದೆ ಟೆಂಟು ಲೈನರಿನ ಹೊರಗೆ, ಬ್ಯಾಗಿನ ಮೇಲ್ಭಾಗದಲ್ಲಿರಲಿ, ಮಧ್ಯಾಹ್ನ ಎಲ್ಲಾದರೂ ನಿಂತಾಗ ಮೊದಲು ತೆಗೆದು ಒಣಗಿಸಲು ಸಿಗುತ್ತದೆ.