ಕೊಲಂಬಸ್ ಟೀವಿಲಿ ನಮ್ಮಪ್ಪ ನೋಡಿದ ಯೂನಿಯನ್ನು

ನಮ್ಮಪ್ಪಂಗೊಂದು ಚಾಳಿ ಇದೆ. ಎಲೆಕ್ಷನ್ ಟೈಮಲ್ಲಿ ಯಾರಾದ್ರೂ ಪಾಂಪ್ಲೆಟ್ ಕೊಟ್ರೆ ಮೇಲಿರೋ ಫೋಟೋ, ಚಿಹ್ನೆ ಏನೂ ನೋಡಲ್ಲ, ಸೀದಾ ಅಡಿಗೆ ಹೋಗ್ತಾರೆ, ಅಲ್ಲಿ ಇರುವೆ ಸೈಜಲ್ಲಿ ಪ್ರೆಸ್ ಹೆಸ್ರು, ಪ್ರಕಾಶಕರ ಹೆಸ್ರು ಇರುತ್ತಲ್ಲ, ಕನ್ನಡಕ ಹಣೆಗೇರಿಸ್ಕೊಂಡು ಅದನ್ನ ಓದ್ತಾರೆ. "ಎಲ್ಲಿ ಹೊಡ್ಸವ್ರೆ ನೋಡ್ಲಾ, ಯಾರ್ ದುಡ್ಡು ಅಂತ ಅಲ್ಲೇ ಗೊತ್ತಾಯ್ತದೆ" ಅಂತಾರೆ. ಹಂಗೆ ಹೆಸ್ರು ಹಾಕ್ಲೇಬೇಕು ಅಂತ ಜನಪ್ರಾತಿನಿಧ್ಯ ಕಾಯ್ದೆಲಿ 127ಎ ಅಂತ ಸೆಕ್ಷನ್ನೇ ಇದೆ, ಆದ್ರೆ ಅಪ್ಪಂಗೆ ಸೆಕ್ಷನ್ ಗಿಕ್ಷನ್ ಗೊತ್ತಿಲ್ಲ, ಮೈಸೂರಿನ ಅಶೋಕಪುರಂ ರೈಲ್ವೇ ವರ್ಕ್‌ಶಾಪಲ್ಲಿ ಮೂವತ್ತು ಚಿಲ್ರೆ ವರ್ಷ ಫಿಟ್ಟರ್ ಆಗಿದ್ದೋರು, ಗೇಟ್ ಮೀಟಿಂಗಲ್ಲಿ ಹಂಚೋ ನೋಟೀಸ್ ಓದಿ ಓದಿ ಬಂದ ಬುದ್ಧಿ ಅದು.

ಈ ಚಾಳಿನ ಅವ್ರು ಅಮೆರಿಕಾಗೂ ಹೊತ್ಕೊಂಡು ಹೋಗಿದ್ರು. 2011ರಲ್ಲಿ ಅಕ್ಕನ ಬಾಣಂತನಕ್ಕೆ ಅಂತ ಅಮ್ಮ ಒಹಾಯೋ ರಾಜ್ಯದ ಕೊಲಂಬಸ್‌ಗೆ ಹೊರಟ್ರು, ಆಗಷ್ಟೇ ರಿಟೈರ್ ಆಗಿದ್ದ ಅಪ್ಪಾನೂ ಜೊತೆಗೆ. ಅಮ್ಮಂಗೆ ಮಗು, ಎಣ್ಣೆ ನೀರು, ಮೆಂತ್ಯದ ಮುದ್ದೆ ಅಂತ ಕೈ ತುಂಬಾ ಕೆಲ್ಸ. ಅಪ್ಪಂಗೆ ಏನೂ ಇಲ್ಲ. ಹೊರಗೆ ಚಳಿ, ರಸ್ತೇಲಿ ನರಪಿಳ್ಳೆ ಓಡಾಡಲ್ಲ, ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಟೀವಿ ಮುಂದೆ ಕುಂತಿದ್ದೇ ಕುಂತಿದ್ದು. ಅಕ್ಟೋಬರ್ ತಿಂಗ್ಳು ಒಂದಿನ ಸ್ಕೈಪಲ್ಲಿ ಬಂದು ಹೇಳ್ತಾರೆ, "ಇಲ್ಲಿ ಟೀವಿ ಆಕಿದ್ರೆ ಬರೀ ಯೂನಿಯನ್ ಜಾಹೀರಾತು ಕಣ್ಲಾ, ಸೋಪಿನ ಜಾಹೀರಾತೇ ಇಲ್ಲ!"

ನಾನು ತಮಾಷೆ ಅನ್ಕೊಂಡೆ. ಆಮೇಲೆ ಹುಡುಕಿ ಓದಿದ್ಮೇಲೆ ಗೊತ್ತಾಯ್ತು, ಅವತ್ತು ಒಹಾಯೋಲಿ ಸೆನೆಟ್ ಬಿಲ್ 5 ಅನ್ನೋ ಕಾನೂನಿನ ಮೇಲೆ ದೊಡ್ಡ ಜಟಾಪಟಿ ನಡೀತಿತ್ತು. ಗವರ್ನರ್ ಜಾನ್ ಕೇಸಿಕ್ ಮಾರ್ಚಲ್ಲಿ ಸಹಿ ಹಾಕಿದ್ದು, ಟೀಚರ್, ಪೊಲೀಸು, ಫೈರ್‌ನೋರು ಇಂಥ ಸರ್ಕಾರಿ ನೌಕರರು ಯೂನಿಯನ್ ಮೂಲಕ ಸಂಬಳದ ಬಗ್ಗೆ ಮಾತಾಡ್ಬೋದು, ಹೆಲ್ತ್ ಇನ್ಶೂರೆನ್ಸ್ ಬಗ್ಗೆ ಮಾತಾಡಂಗಿಲ್ಲ, ಸ್ಟ್ರೈಕಂತೂ ಮಾಡೋ ಹಂಗೇ ಇಲ್ಲ. ಯೂನಿಯನ್ ಕಡೆಯೋರು ಸುಮಾರು 13 ಲಕ್ಷ ಸಹಿ ಒಟ್ಟು ಮಾಡಿ ಇದನ್ನ ಜನರ ವೋಟಿಗೆ ತಂದಿದ್ರು. ಹೌದು ಅಂದ್ರೆ ಕಾನೂನು ಉಳಿಯುತ್ತೆ, ಬೇಡ ಅಂದ್ರೆ ಬಿದ್ದೋಗುತ್ತೆ. ಯೂನಿಯನ್ ಗೆಲ್ಬೇಕು ಅಂದ್ರೆ ಬೇಡ ಅನ್ಬೇಕು, ಅಪ್ಪಂಗೆ ಇದು ತಲೆಗೆ ಹೋಗೋಕೇ ಒಂದು ವಾರ ಬೇಕಾಯ್ತಂತೆ.

ಈಗ ಅಜ್ಜಿ ಕಥೆಗೆ ಬರ್ತೀನಿ, ನಮ್ಮನೇಲಿ ಈಗ್ಲೂ ಹೇಳ್ತಿರ್ತೀವಿ. ಯೂನಿಯನ್ ಪರ ಇದ್ದ ವಿ ಆರ್ ಒಹಾಯೋ ಅನ್ನೋ ಗುಂಪು ಒಂದು ಜಾಹೀರಾತು ಬಿಟ್ತು, ಸಿನ್ಸಿನಾಟಿ ಕಡೆಯ ಒಬ್ರು ವಯಸ್ಸಾದ ಅಜ್ಜಿ, ಮನೆಗೆ ಬೆಂಕಿ ಬಿದ್ದಾಗ ಫೈರ್‌ನೋರು ಬಂದು ನನ್ನ ಮರಿಮಗೂನ ಉಳಿಸಿದ್ರು, ಅವರಿಗೆ ತೊಂದ್ರೆ ಕೊಡೋ ಕಾನೂನು ಬೇಡ ಅಂತ ಹೇಳ್ತಾರೆ, ಅಷ್ಟೇ. ಎಂಥವ್ರಿಗೂ ಕರುಳು ಚುರುಕ್ ಅನ್ಬೇಕು. ಸ್ವಲ್ಪ ದಿನಕ್ಕೆ ಅದೇ ಅಜ್ಜಿ, ಅದೇ ಮುಖ, ಇನ್ನೊಂದು ಜಾಹೀರಾತಲ್ಲಿ ಬಂದು ಕಾನೂನು ಬೇಕು ಅನ್ನೋರ ಪರ! ಎದುರು ಗುಂಪು, ಬಿಲ್ಡಿಂಗ್ ಎ ಬೆಟರ್ ಒಹಾಯೋ ಅಂತ ಹೆಸ್ರು, ಅವ್ರು ಅಜ್ಜಿ ವಿಡಿಯೋನೇ ಕತ್ತರಿಸಿ ತಮ್ಮದಕ್ಕೆ ಅಂಟಿಸ್ಕೊಂಡಿದ್ರು. ಅಜ್ಜಿ ಕೆಂಡ ಆದ್ರು, ಟೀವಿ ಸ್ಟೇಷನ್‌ಗಳು ಒಂದಾದ್ಮೇಲೊಂದು ಆ ಜಾಹೀರಾತು ನಿಲ್ಲಿಸಿದ್ವು. ಅಪ್ಪ ಎರಡನ್ನೂ ನೋಡಿದ್ರು. "ಆ ಮುದುಕಿ ನೆನ್ನೆ ಆ ಕಡೆ ಇದ್ದೋಳು ಇವತ್ತು ಈ ಕಡೆ ಸೇರ್ಕಂಡವ್ಳೆ, ಎಷ್ಟ್ ಕೊಟ್ರೋ ಪಾಪಿಗಳು" ಅಂತ ಬೈಕೊಂಡಿದ್ರಂತೆ, ಭಾವ ಪೇಪರ್ ಓದಿ ಹೇಳಿದ್ಮೇಲೆ "ಅಯ್ಯೋ, ಸುಮ್ನೆ ಪಾಪದೋಳ್ನ ಬೈದ್ಬುಟ್ನಲ್ಲಾ" ಅಂತ ಪೇಚಾಡಿದ್ರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕ್ಯಾಂಡಿಡೇಟೇ ಕೊಟ್ಟ ಜಾಹೀರಾತಾದ್ರೆ ಅಲ್ಲಿ ಟೀವಿ ಸ್ಟೇಷನ್ ಕತ್ತರಿ ಹಾಕೋ ಹಂಗಿಲ್ಲ, ಸುಳ್ಳಿದ್ರೂ ಹಾಕ್ಬೇಕು. ಹೊರಗಿನ ಗುಂಪುಗಳದ್ದಾದ್ರೆ ಬೇಡ ಅನ್ನೋ ಹಕ್ಕು ಸ್ಟೇಷನ್‌ಗೆ ಇರುತ್ತೆ, ಅದಕ್ಕೇ ಅಜ್ಜಿ ಬಚಾವ್. ನವೆಂಬರ್ 8ಕ್ಕೆ ವೋಟ್ ಆಯ್ತು, ನೂರಕ್ಕೆ ಅರವತ್ತೊಂದಕ್ಕಿಂತ ಜಾಸ್ತಿ ಜನ ಬೇಡ ಅಂದ್ರು, ಕಾನೂನು ಬಿತ್ತು.

ಅಪ್ಪ ಅಲ್ಲೂ ಜಾಹೀರಾತಿನ ಕೊನೆಗೆ ಅಡಿಲಿ ಬರೋ ಸಣ್ಣಕ್ಷರ ಓದೋಕೆ ಟೀವಿ ಹತ್ರ ಹೋಗಿ ಬಗ್ಗಿ ನಿಲ್ತಿದ್ರಂತೆ, ಇಂಥೋರು ದುಡ್ಡು ಕೊಟ್ಟಿದ್ದಾರೆ ಅಂತ ಇರುತ್ತಲ್ಲ ಅದು. ಓದಿ ಏನ್ ಬಂತು? ಬೆಟರ್ ಒಹಾಯೋ ಕಟ್ಟೋರು ಅಂದ್ರೆ ಯಾರು ಅಂತ ಭಾವಂಗೂ ಗೊತ್ತಿಲ್ಲ, ಪಕ್ಕದ ಮನೆಯೋರಿಗೂ ಗೊತ್ತಿಲ್ಲ. ನಮ್ಮ ಕಡೆ ಚೀಟಿ ಎತ್ಕೊಂಡು ಓಡೋಗೋ ಕಂಪ್ನಿಗಳು ದೇವ್ರ ಹೆಸ್ರು ಇಟ್ಕೊಳ್ಳಲ್ವಾ, ಅಲ್ಲಿ ಹಂಗೆ ಎಲ್ರೂ ಒಳ್ಳೊಳ್ಳೇ ಹೆಸ್ರು ಇಟ್ಕೊಂಡಿರ್ತಾರೆ.

ಹೆಸ್ರಿಗೆ ಇನ್ನೊಂದು ಸ್ಯಾಂಪಲ್ ನೋಡಿ, ಕೊಯಲಿಷನ್ ಫಾರ್ ಎ ಡೆಮಾಕ್ರಟಿಕ್ ವರ್ಕ್‌ಪ್ಲೇಸ್. ಕೇಳಿದ್ರೆ ಕಾರ್ಮಿಕರ ಸಂಘ ಅನ್ಸುತ್ತೆ, ಆದ್ರೆ ಒಳಗಿರೋರೆಲ್ಲಾ ಉದ್ಯಮಿಗಳ ಸಂಘಟನೆಗಳು. 2008ರ ಅಮೆರಿಕಾ ಸೆನೆಟ್ ಎಲೆಕ್ಷನ್ನಲ್ಲಿ ಇವ್ರು ಒಂದು ಜಾಹೀರಾತು ಬಿಟ್ರು, ಅದರಲ್ಲಿ ಯೂನಿಯನ್ ಬಾಸ್ ಪಾತ್ರ ಮಾಡಿದ್ದು ವಿನ್ಸೆಂಟ್ ಕ್ಯುರಾಟೋಲ, ಟೀವಿಲಿ ಫೇಮಸ್ ಮಾಫಿಯಾ ಸೀರಿಯಲ್ಲಲ್ಲಿ ಡಾನ್ ಆಗಿದ್ದ ನಟ. ಮುಖ ಕಂಡ್ರೇ ಸಾಕು, ಜನಕ್ಕೆ ಗೂಂಡಾ ಅನ್ಸುತ್ತೆ, ಡೈಲಾಗೇ ಬೇಡ. ವಿಷ್ಯ ಏನಪ್ಪಾ ಅಂದ್ರೆ, ಅರ್ಧಕ್ಕಿಂತ ಜಾಸ್ತಿ ಕೆಲಸಗಾರರು ಕಾರ್ಡಿಗೆ ಸಹಿ ಹಾಕಿದ್ರೆ ಗುಪ್ತ ಮತದಾನ ಇಲ್ದೇನೇ ಯೂನಿಯನ್‌ಗೆ ಮಾನ್ಯತೆ ಕೊಡ್ಬೇಕು ಅನ್ನೋ ಮಸೂದೆ ಬಂದಿತ್ತು, ಅದಕ್ಕೆ ಸಪೋರ್ಟ್ ಮಾಡಿದ ಕ್ಯಾಂಡಿಡೇಟ್‌ಗಳನ್ನ ಬಡಿಯೋಕೆ ಈ ಡಾನ್. ಮಿನೆಸೋಟಾದಲ್ಲಿ ಇದೇ ಜಾಹೀರಾತು ಎದುರಿಸಿದ ಡೆಮಾಕ್ರಟಿಕ್ ಪಕ್ಷದ ಕ್ಯಾಂಡಿಡೇಟ್ ಆಲ್ ಫ್ರಾಂಕನ್ ಮರುಎಣಿಕೆ, ಕೋರ್ಟು ಎಲ್ಲಾ ಮುಗಿದ್ಮೇಲೆ 312 ವೋಟಿಂದ ಗೆದ್ರು, ಆದ್ರೂ ಮಸೂದೆ ಪಾಸಾಗ್ಲೇ ಇಲ್ಲ.

ಇದನ್ನ ಅಪ್ಪಂಗೆ ಯೂಟ್ಯೂಬಲ್ಲಿ ತೋರಿಸ್ದೆ. ನಾನು ಅನ್ಕೊಂಡಿದ್ದು ಅವ್ರು ಸಿಟ್ಟಾಗ್ತಾರೆ ಅಂತ. ಅವ್ರು ಸ್ವಲ್ಪ ಹೊತ್ತು ಸುಮ್ನಿದ್ದು, "ಗುಟ್ಟಾಗಿ ಓಟಾಕೋದು ಒಳ್ಳೇದೆ ಅಲ್ವೇನ್ಲಾ" ಅಂದ್ರು. 2007ರಲ್ಲಿ ರೈಲ್ವೇಲಿ ಯಾವ ಯೂನಿಯನ್‌ಗೆ ಮಾನ್ಯತೆ ಅಂತ ಗುಪ್ತ ಮತದಾನ ಮಾಡಿದಾಗ ಅಪ್ಪಾನೂ ವೋಟ್ ಹಾಕಿದ್ರು, ಅದಕ್ಕೂ ಮುಂಚೆ ಫೋರ್‌ಮನ್ ಯಾವ ಯೂನಿಯನ್ನೋ ಕೆಳಗಿನೋರೂ ಅದೇ ಅನ್ನೋ ಪರಿಸ್ಥಿತಿ ಇತ್ತು ಅಂತಾರೆ. "ಮಾತು ಸರಿಯಾಗೇ ಅದೆ. ಆದ್ರೆ ಯೋಳ್ತಿರೋನು ಯಾರು? ಮಾಲೀಕ. ಅವ್ನಿಗ್ಯಾಕೆ ನಮ್ ಓಟಿನ್ ಮೇಲೆ ಇಷ್ಟ್ ಅಕ್ಕರೆ?" ಅಲ್ಲಿನ ಯೂನಿಯನ್‌ಗಳ ವಾದಾನೂ ಇದೇನೇ, ವೋಟಿನ ದಿನ ಬರೋವರ್ಗೂ ಮಾಲೀಕ ಮೀಟಿಂಗ್ ಮೇಲೆ ಮೀಟಿಂಗ್ ಕರೆದು ಹೆದರಿಸ್ತಾನೆ ಅಂತ. ಅದು ಮಾತ್ರ ಡಾನ್ ಜಾಹೀರಾತಲ್ಲಿ ಇರಲ್ಲ.

ಹಂಗಂತ ಯೂನಿಯನ್‌ಗಳು ಪಾಪದೋವು ಅಂತ ಏನಿಲ್ಲ. ಈ ಆಟ ದೊಡ್ಡ ಮಟ್ಟದಲ್ಲಿ ಆಡಿದ್ದು ಅವ್ರೇ, 1996ರಲ್ಲಿ ಎಎಫ್‌ಎಲ್-ಸಿಐಓ ಅನ್ನೋ ಯೂನಿಯನ್ ಒಕ್ಕೂಟ 3.5 ಕೋಟಿ ಡಾಲರ್ ಎತ್ತಿಟ್ಟು ರಿಪಬ್ಲಿಕನ್ ಎಂಪಿಗಳ ವಿರುದ್ಧ ಜಾಹೀರಾತು ಹೊಡೀತು. ಎಲ್ಲೂ "ಸೋಲಿಸಿ" ಅನ್ನೋ ಪದ ಇರಲ್ಲ, ಅಲ್ಲಿನ ಸುಪ್ರೀಂ ಕೋರ್ಟಿನ 1976ರ ತೀರ್ಪಿನ ಪ್ರಕಾರ ಗೆಲ್ಲಿಸಿ, ಸೋಲಿಸಿ, ವೋಟ್ ಹಾಕಿ ಇಂಥ ಪದ ಇಲ್ಲ ಅಂದ್ರೆ ಅದು ಎಲೆಕ್ಷನ್ ಖರ್ಚು ಅಲ್ಲ, ಹಂಗಾಗಿ "ಅವ್ರಿಗೆ ಫೋನ್ ಮಾಡಿ ಕೇಳಿ" ಅಂತ ಮುಗಿಸೋರು. ನಮ್ಮೂರಲ್ಲಿ ಮದುವೆ ಮಾತುಕತೇಲಿ "ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಏನ್ ಹಾಕ್ತೀರೋ ಹಾಕಿ" ಅಂತಾರಲ್ಲ, ಥೇಟ್ ಅದೇ. 2010ರಲ್ಲಿ ಅದೇ ಕೋರ್ಟಿಂದ ಸಿಟಿಜನ್ಸ್ ಯುನೈಟೆಡ್ ಅನ್ನೋ ಕೇಸಿನ ತೀರ್ಪು ಬಂದ್ಮೇಲೆ ಆ ನಾಟ್ಕಾನೂ ಬೇಕಾಗಿಲ್ಲ, ಕಂಪ್ನಿಗಳೂ ಯೂನಿಯನ್‌ಗಳೂ ನೇರವಾಗೇ ಖರ್ಚು ಮಾಡ್ಬೋದು.

ನಮ್ಮಲ್ಲಿ? ಮೈಸೂರು ಮಂಡ್ಯದಲ್ಲಿ ಎಷ್ಟು ಎಲೆಕ್ಷನ್ ನೋಡಿದೀನಿ, ಯೂನಿಯನ್ ಪರವಾಗೋ ವಿರೋಧವಾಗೋ ಒಂದೇ ಒಂದು ಟೀವಿ ಜಾಹೀರಾತು ನೆನಪಿಲ್ಲ. ಕಬ್ಬಿನ ಬಾಕಿ ಬರುತ್ತೆ, ಕಾವೇರಿ ಬರುತ್ತೆ, ಗ್ಯಾರಂಟಿ ಬರುತ್ತೆ, ಕಾರ್ಮಿಕ ಬರೋದು ಹೆಲ್ಮೆಟ್ ಹಾಕ್ಕೊಂಡು ನಗ್ತಾ ನಿಂತಿರೋ ಫೋಟೋದಲ್ಲಿ ಮಾತ್ರ. ಕ್ಯಾಂಡಿಡೇಟ್ ಲಿಖಿತ ಒಪ್ಪಿಗೆ ಇಲ್ದೆ ಬೇರೆಯೋರು ಅವ್ರ ಪರ ಖರ್ಚು ಮಾಡೋದು ಐಪಿಸಿ 171ಎಚ್ ಪ್ರಕಾರ ಅಪರಾಧ ಆಗಿತ್ತು, ದಂಡ ಐನೂರು ರೂಪಾಯಿ ತನಕ, ನಗಬೇಡಿ. 1926ರ ಟ್ರೇಡ್ ಯೂನಿಯನ್ ಕಾಯ್ದೆಲೂ ರಾಜಕೀಯಕ್ಕೆ ಬೇರೇನೇ ಫಂಡ್ ಇಡ್ಬೇಕು, ಅದಕ್ಕೆ ಕೊಡಿ ಅಂತ ಮೆಂಬರ್‌ನ ಬಲವಂತ ಮಾಡಂಗಿಲ್ಲ ಅಂತ ಬರ್ದಿದ್ರು. ಯೂನಿಯನ್ ಚಂದಾ ದುಡ್ಡು ರಾಜಕೀಯಕ್ಕೆ ಹೋಗೋದಕ್ಕೆ ಕಡಿವಾಣ ಹಾಕ್ಬೇಕು ಅಂತ ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ 1998, 2005, 2012 ಹೀಗೆ ಮೂರು ಸಲ ಜನರ ವೋಟಿಗೆ ಹಾಕಿ ಮೂರು ಸಲಾನೂ ಸೋತ್ರು, ಟೀವಿಗೆ ಸುರಿದ ದುಡ್ಡು ಎಷ್ಟೋ. ನಮ್ಮಲ್ಲಿ ಬ್ರಿಟಿಷರ ಕಾಲದಲ್ಲೇ ಸದ್ದಿಲ್ದೆ ಆಗೋಗಿತ್ತು. ನಂಗನ್ಸೋದು, ದುಡ್ಡು ಕೊಟ್ಟು ಬೈಯೋರು ಇಲ್ಲ ಅಂದ್ರೆ ನಮ್ಮ ಯೂನಿಯನ್ ಕಂಡ್ರೆ ಯಾರಿಗೂ ಭಯಾನೇ ಉಳಿದಿಲ್ಲ ಅಂತ. ಅಪ್ಪ ಇದನ್ನ ಒಪ್ಪಲ್ಲ, ಬೈಸ್ಕೊಳ್ದೆ ಇರೋದೇ ಲೇಸು ಅಂತಾರೆ.

2024ರ ಏಪ್ರಿಲಲ್ಲಿ, ಲೋಕಸಭೆಗೆ ನಮ್ಮ ಕಡೆ ವೋಟಿಂಗ್‌ಗೆ ಇನ್ನೇನು ವಾರ ಇದೆ ಅನ್ನೋವಾಗ, ಅಪ್ಪನ ವಾಟ್ಸಾಪಿಗೆ ಒಂದು ವಿಡಿಯೋ ಬಂತು. ಬೀಗ ಹಾಕಿರೋ ಫ್ಯಾಕ್ಟರಿ ಗೇಟು, ಹಿಂದೆ ಅಳೋ ಮ್ಯೂಸಿಕ್ಕು, ಯೂನಿಯನ್ ಲೀಡರ್‌ಗಳೇ ಎಲ್ಲಾ ಮುಚ್ಚಿಸಿದ್ರು, ಈ ಸಲ ಯೋಚ್ನೆ ಮಾಡಿ ಅಂತ ಒಂದು ಗಂಡು ದನಿ. ಅಪ್ಪ ಪೂರ್ತಿ ನೋಡಿದ್ರು. ಕನ್ನಡಕ ಹಣೆಗೇರಿಸಿ ಫೋನ್ ಮೂಗಿನ ಹತ್ರ ತಂದ್ರು, ಕೊನೇ ಸೀನಲ್ಲಿ ನಿಲ್ಲಿಸಿ ಬೆರಳಲ್ಲಿ ಎಳೆದು ದೊಡ್ದು ಮಾಡಿದ್ರು, ಇನ್ನೊಂದ್ಸಲ ಹಿಂದಕ್ಕೆ ತಗೊಂಡೋಗಿ ನೋಡಿದ್ರು. ಆಮೇಲೆ ಫೋನ್ ನನ್ ಕೈಗೆ ಕೊಟ್ಟು, "ಅಡಿಲಿ ಏನೂ ಬರ್ದೇ ಇಲ್ವಲ್ಲಾ, ನೀನ್ ಒಸಿ ನೋಡು" ಅಂದ್ರು.