ಮುಟ್ಟು ನಿಂತ ಮೇಲೆ ಕ್ಯಾಲ್ಸಿಯಂ ಮಾತ್ರೆ ಸಾಕೇ?

"ಮುಟ್ಟು ನಿಂತು ಎರಡು ವರ್ಷ ಆಯ್ತು, ಮಂಡಿ ನೋವು ಬೇರೆ. ಕ್ಯಾಲ್ಸಿಯಂ ಮಾತ್ರೆ ಶುರು ಮಾಡಲಾ?" ಹೆಣ್ಣುಮಕ್ಕಳು ನಮ್ಮನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು.

ಮೊದಲು ಒಂದು ಗೊಂದಲ ಬಿಡಿಸಬೇಕು. 'ಮೂಳೆ ಸವೆತ' ಅನ್ನುವ ಒಂದೇ ಮಾತನ್ನು ನಾವು ಎರಡು ಕಾಯಿಲೆಗಳಿಗೆ ಬಳಸುತ್ತೇವೆ. ಮಂಡಿ ನೋವಿಗೆ ಸಾಮಾನ್ಯ ಕಾರಣ ಕೀಲಿನ ಮೃದ್ವಸ್ಥಿ, ಅಂದರೆ ಮೂಳೆಗಳ ತುದಿಗೆ ಮೆತ್ತೆಯಂತಿರುವ ಪದರ, ಸವೆಯುವುದು. ಆಸ್ಟಿಯೊಪೊರೋಸಿಸ್‌ನಲ್ಲಿ ಮೂಳೆ ಒಳಗಿಂದ ಟೊಳ್ಳಾಗುತ್ತದೆ, ಮುರಿಯುವ ತನಕ ನೋವೇ ಇರುವುದಿಲ್ಲ. ಹಾಗಾಗಿ ಕ್ಯಾಲ್ಸಿಯಂ ನುಂಗಿದರೆ ಮಂಡಿ ನೋವು ಹೋಗುವುದಿಲ್ಲ. ನೋವಿಲ್ಲ ಅಂತ ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ.

ಮೂಳೆ ದಿನವೂ ಕರಗುತ್ತದೆ, ದಿನವೂ ಕಟ್ಟಿಕೊಳ್ಳುತ್ತದೆ. ಕರಗಿಸುವ ಜೀವಕೋಶಗಳಿಗೆ ಕಡಿವಾಣ ಹಾಕುವುದು ಅಂಡಾಶಯದಲ್ಲಿ ತಯಾರಾಗುವ ಈಸ್ಟ್ರೋಜನ್ ಹಾರ್ಮೋನ್. ಮುಟ್ಟು ನಿಂತು ಅದು ತಗ್ಗಿದ ಮೊದಲ 5–7 ವರ್ಷಗಳಲ್ಲಿ ಮೂಳೆಯ ನಷ್ಟ ಬಹಳ ವೇಗ, ಕೆಲವರಲ್ಲಿ ಶೇ. 20ರವರೆಗೂ ಹೋಗುತ್ತದೆ. 45ಕ್ಕೆ ಮೊದಲೇ ಮುಟ್ಟು ನಿಂತವರಿಗೆ, ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆಸಿಕೊಂಡವರಿಗೆ ಇದು ಇನ್ನೂ ಬೇಗ ಶುರುವಾಗುತ್ತದೆ. ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಕಾಗದ ತೆಗೆದು ಅಂಡಾಶಯ ಉಳಿದಿದೆಯೇ ನೋಡಿಕೊಳ್ಳಿ. ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ, ಗೊತ್ತಿರಲೇಬೇಕಾದ ಸಂಗತಿ ಇದು. ಅಮ್ಮನಿಗೋ ಅಪ್ಪನಿಗೋ ಸೊಂಟದ ಮೂಳೆ ಮುರಿದಿದ್ದರೆ, ಮೈತೂಕ ತೀರಾ ಕಡಿಮೆಯಿದ್ದರೆ, ಮೂರು ತಿಂಗಳಿಗಿಂತ ಹೆಚ್ಚು ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಿದ್ದರೆ, ಥೈರಾಯ್ಡ್ ಮಾತ್ರೆಯ ಡೋಸ್ ಅಗತ್ಯಕ್ಕಿಂತ ಹೆಚ್ಚಾಗಿದ್ದರೆ ಅಪಾಯ ಏರುತ್ತದೆ.

ಇನ್ನು ಮಾತ್ರೆಯ ವಿಚಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿರುವಂತೆ ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 350, 200 ಮಿ.ಲೀ. ಹಾಲಿನಲ್ಲಿ ಸುಮಾರು 240 ಸಿಗುತ್ತದೆ. ಮೊಸರು, ಸೊಪ್ಪು, ಎಳ್ಳನ್ನೂ ಸೇರಿಸಿ ಲೆಕ್ಕ ಹಾಕಿ, ಕೊರತೆ ಬಿದ್ದಷ್ಟಕ್ಕೆ ಮಾತ್ರ ಮಾತ್ರೆ. ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ. ಎಂದು ಬರೆದಿದ್ದರೆ ಅದರಲ್ಲಿರುವ ಕ್ಯಾಲ್ಸಿಯಂ 500 ಮಾತ್ರ. ಅದು ಕರಗಲು ಹೊಟ್ಟೆಯ ಆಮ್ಲ ಬೇಕು, ಆದ್ದರಿಂದ ಊಟದ ಜೊತೆಗೇ ತೆಗೆದುಕೊಳ್ಳಿ. ಎರಡು ಮಾತ್ರೆ ಒಟ್ಟಿಗೆ ನುಂಗಿದರೆ ಅಷ್ಟನ್ನೂ ಮೈ ಹೀರಿಕೊಳ್ಳುವುದಿಲ್ಲ. ಥೈರಾಯ್ಡ್ ಮಾತ್ರೆಗೂ ಇದಕ್ಕೂ 4 ಗಂಟೆ ಅಂತರವಿರಲಿ. ಕಿಡ್ನಿಯಲ್ಲಿ ಕಲ್ಲಾಗಿದ್ದವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ಕ್ಯಾಲ್ಸಿಯಂ ಒಳಸೇರಲು ವಿಟಮಿನ್ ಡಿ ಬೇಕು. ಬೆಳಗಿನ ಎಳೆಬಿಸಿಲು ಹಿತವಾಗಿರಬಹುದು, ಆದರೆ ಅದರಿಂದ ಸಿಗುವ ವಿಟಮಿನ್ ಡಿ ತೀರಾ ಕಡಿಮೆ. ಚರ್ಮ ಅದನ್ನು ತಯಾರಿಸುವುದು ಮುಖ್ಯವಾಗಿ 11ರಿಂದ 2ರ ನಡುವಿನ ಬಿಸಿಲಿನಲ್ಲಿ. ಕಿಟಕಿ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ. 60,000 ಯೂನಿಟ್‌ನ ಪುಡಿಯನ್ನು ಕೊಡುವುದು ಸಾಮಾನ್ಯವಾಗಿ ವಾರಕ್ಕೊಂದರಂತೆ, ಅದೂ ಕೆಲವು ವಾರ ಮಾತ್ರ. ತಪ್ಪು ತಿಳಿದು ದಿನಾ ಕುಡಿದವರ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಪೆಟ್ಟಾಗುತ್ತದೆ.

ಮೂಳೆಗೆ ಭಾರವೂ ಬೇಕು. ಬರೀ ವಾಕಿಂಗ್ ಸಾಲದು. ಮೆಟ್ಟಿಲು ಹತ್ತಿ, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಿ, ವಾರಕ್ಕೆ ಎರಡು ಮೂರು ದಿನ ತೂಕ ಎತ್ತುವುದನ್ನು ಯಾರಾದರೂ ಬಲ್ಲವರಿಂದ ಕಲಿಯಿರಿ. ಬೆನ್ನುಮೂಳೆ ಈಗಾಗಲೇ ಕುಸಿದಿದ್ದರೆ ಮುಂದಕ್ಕೆ ಬಾಗಿ ಬಿಂದಿಗೆ ಎತ್ತಲೇಬೇಡಿ.

ಪರೀಕ್ಷೆ ಬೇಕೆಂದರೆ ಸೊಂಟ ಮತ್ತು ಬೆನ್ನಿನ ಡೆಕ್ಸಾ ಸ್ಕ್ಯಾನ್ (ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್‌ರೇ) ಮಾಡಿಸಿ. ಅದರಲ್ಲಿ ಬರುವ ಟಿ-ಸ್ಕೋರ್ (ಆರೋಗ್ಯವಂತ ಹರೆಯದವರ ಮೂಳೆಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಆಗ ಕ್ಯಾಲ್ಸಿಯಂ ಒಂದೇ ಸಾಲದು, ಬೇರೆ ಔಷಧಿ ಬೇಕಾಗುತ್ತದೆ. ಶಿಬಿರಗಳಲ್ಲಿ ಹಿಮ್ಮಡಿ ಇಡಿಸಿ ನೋಡುವ ಯಂತ್ರದಿಂದ ಇದು ಖಚಿತವಾಗುವುದಿಲ್ಲ. ಮನೆಯಲ್ಲಿ ಗೋಡೆಗೆ ಒರಗಿ ವರ್ಷಕ್ಕೊಮ್ಮೆ ಎತ್ತರ ಅಳೆದುಕೊಳ್ಳಿ. ಹರೆಯದಲ್ಲಿ ಇದ್ದುದಕ್ಕಿಂತ 4 ಸೆಂ.ಮೀ. ಇಳಿದಿದ್ದರೆ ನಿಮಗೆ ತಿಳಿಯದಂತೆ ಬೆನ್ನುಮೂಳೆ ಕುಸಿದಿರಬಹುದು, ಎಕ್ಸ್‌ರೇ ತೆಗೆಸಿ.